ಕಮಾನಿನ ಕೊನೆಯ ತುಂಡು

ಗೇಟು ಮತ್ತೆ ಸಿಕ್ಕಿಕೊಂಡಿತ್ತು. ಚಿಟ್ಟಿ ಬ್ಯಾಗಿನ ಸಮೇತ ಸೊಂಟದಿಂದ ಗುದ್ದಿದಳು, ಕಾಲಿನಿಂದ ಒದ್ದಳು. ಬಿಸಿಲಿಗೆ ಕಾದಿದ್ದ ಆ ಎರಡು ಕಬ್ಬಿಣದ ಬಾಗಿಲುಗಳು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಕೊನೆಗೆ ತಾತ ಒಳಗಿನಿಂದ ಎಳೆದ ಮೇಲೆ ಕಿರ್ರೆಂದಿತು.

"ಅದರ ಮೇಲ್ಯಾಕೆ ಸಿಟ್ಟು?" ಎಂದರು ತಾತ.

ಸಿಟ್ಟು ಗೇಟಿನ ಮೇಲಲ್ಲ. ನದಿಗೆ ಹೊಸ ಉಕ್ಕಿನ ಸೇತುವೆ ಕಟ್ಟುತ್ತಿದ್ದರು. ಎರಡೂ ದಡದಿಂದ ಬಾಗಿ ಬಂದ ಕಮಾನಿನ ನಡುವೆ ಇನ್ನು ಒಂದೇ ಒಂದು ತುಂಡು ಕೂರಬೇಕಿತ್ತು. ಅದನ್ನು ಎತ್ತುವ ಕ್ರೇನ್ ಓಡಿಸುವವಳು ಚಿಟ್ಟಿಯ ಅಮ್ಮ. ಆಚೆ ದಡದ ಶೆಡ್ಡಿನಲ್ಲೇ ಅವಳ ವಾಸ. ತುಂಡು ಕೂರುವವರೆಗೆ ರಜೆ ಇಲ್ಲ, ಕೂತ ದಿನವೇ ಮನೆಗೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದಳು. ಅಮ್ಮನ ದಿಂಬಿನಲ್ಲಿ ಅವಳ ತಲೆಯೆಣ್ಣೆಯ ವಾಸನೆ ಕೂಡ ಈಗ ಉಳಿದಿರಲಿಲ್ಲ.

ಅವತ್ತು ಮಧ್ಯಾಹ್ನ ತುಂಡು ಮೇಲೇರಿದ್ದನ್ನು ಇಡೀ ಕ್ಲಾಸು ಕಿಟಕಿಯಿಂದ ನೋಡಿತ್ತು. ಅದು ಕೂರದೆ ಕೆಳಗಿಳಿದದ್ದನ್ನೂ ನೋಡಿತ್ತು. ಹಿಂದಿನ ಬೆಂಚಿನ ಬಾಯಿಬಡುಕ, ಅಳತೆ ತಪ್ಪಿದೆ, ಇನ್ನು ಹೊಸ ತುಂಡು ಮಾಡೋಕೆ ಒಂದು ವರ್ಷ ಎಂದು ಡಂಗುರ ಸಾರಿದ್ದ.

ಸಂಜೆ ಅಮ್ಮನ ಫೋನ್ ಬಂತು. ಚಿಟ್ಟಿ ಮೊದಲು ಅದನ್ನೇ ಕೇಳಿದಳು.

"ಅಳತೆ ಸರಿಯಾಗೇ ಇದೆ ಕಣೇ," ಎಂದಳು ಅಮ್ಮ. "ಬೆಳಗ್ಗೆ ಗಾಳಿ ಜೋರಿತ್ತು, ಎತ್ತೋ ಹೊತ್ತಿಗೆ ಬಿಸಿಲೇರಿತು. ಬಿಸಿಲಿಗೆ ಉಕ್ಕು ಹಿಗ್ಗುತ್ತೆ. ಎರಡೂ ಕಡೆ ಹಿಗ್ಗಿ ಮಧ್ಯದ ಜಾಗ ಚಿಕ್ಕದಾಯ್ತು. ನಾಳೆ ಬೆಳಗಿನ ಜಾವ ತಣ್ಣಗಿದ್ರೆ ಕೂರುತ್ತೆ."

"ಇಲ್ದಿದ್ರೆ?"

"ಕಾಯ್ಬೇಕು." ಅಮ್ಮನ ದನಿ ಸಣ್ಣದಾಯಿತು. "ನಂಗೂ ನಿನ್ನ ನೋಡ್ಬೇಕು ಅನ್ನಿಸ್ತಿದೆ, ಚಿಟ್ಟಿ."

ಚಳಿಯೆಂದರೆ ಮೂಗು ಮುರಿಯುವ ಚಿಟ್ಟಿ, ಚಳಿ ಬರಲಿ ಚಳಿ ಬರಲಿ ಎನ್ನುತ್ತಲೇ ನಿದ್ದೆಹೋದಳು.

ಎಚ್ಚರವಾದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಹೊದಿಕೆ ಕಿತ್ತೆಸೆದು ಅಂಗಳಕ್ಕೆ ಓಡಿದಳು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಎದುರಿನ ಕಟ್ಟಡ ಅಡ್ಡವಿದ್ದುದರಿಂದ ನದಿ ಕಾಣಲಿಲ್ಲ, ಕ್ರೇನೂ ಕಾಣಲಿಲ್ಲ. ಅವಳಿಗೆ ಅಳು ಬಂದಂತಾಯಿತು.

ಸುಮ್ಮನೆ ಗೇಟು ಹಿಡಿದಳು. ಕಬ್ಬಿಣ ಕೈ ಕೊರೆಯುವಷ್ಟು ತಣ್ಣಗಿತ್ತು. ಒಂದೇ ಬೆರಳಿನಿಂದ ಎಳೆದು ನೋಡಿದಳು.

ಸದ್ದೇ ಇಲ್ಲದೆ ತೆರೆದುಕೊಂಡಿತು.

ಚಿಟ್ಟಿ ಇನ್ನೊಮ್ಮೆ ಮುಚ್ಚಿ ತೆರೆದು ನೋಡಿದಳು. ಆಮೇಲೆ ನದಿಯಿದ್ದ ಕಡೆ ನೋಡಿ ನಕ್ಕಳು.

ನಾಯಿ ನುಗ್ಗುತ್ತೆ, ಗೇಟು ಹಾಕು ಎಂದು ಒಳಗಿನಿಂದ ತಾತ ಕೂಗಿದರು. ಅವಳು ಹಾಕಲಿಲ್ಲ. ಎರಡೂ ಬಾಗಿಲು ಪೂರ್ತಿ ತೆರೆದು, ಕಲ್ಲು ಒತ್ತುಕೊಟ್ಟು, ಮೆಟ್ಟಿಲ ಮೇಲೆ ಕೂತಳು. ಬಿಸಿಲೇರಿದ ಮೇಲೆ ಅಮ್ಮ ಬಂದರೆ, ಗೇಟು ಸಿಕ್ಕಿಕೊಂಡಿರಬಾರದಲ್ಲ.