ಜೇನಿನ ಬಣ್ಣದ ಬೆಳ್ಳಿ

"ಅಯ್ಯೋ, ನಿಲ್ಲಿಸ್ರೀ! ಬಿಸಾಡ್ಬೇಡಿ!"

ಕಿತ್ತಳೆ ಸಿಪ್ಪೆಯ ಬುಟ್ಟಿಯನ್ನು ಕಸದ ಡಬ್ಬಿಗೆ ಸುರಿಯಹೊರಟಿದ್ದ ಜ್ಯೂಸ್ ಅಂಗಡಿಯವನ ಕೈಯನ್ನು ಅವಳು ಗಪ್ಪನೆ ಹಿಡಿದುಬಿಟ್ಟಿದ್ದಳು. ಅವನು ಹಿಡಿದ ಕೈಯನ್ನೂ ನೋಡಿದ, ಅವಳ ಮುಖವನ್ನೂ ನೋಡಿದ.

"ಸಿಪ್ಪೆ ಬೇಕಿತ್ತಾ, ಕೈ ಬೇಕಿತ್ತಾ?"

ಅವಳ ಕಿವಿ ಕೆಂಪಾಯಿತು.

"ಸಿಪ್ಪೆ! ನಾನು ಎದುರುಗಡೆ ಲ್ಯಾಬಲ್ಲಿ ರಿಸರ್ಚ್ ಮಾಡ್ತೀನಿ. ಸಿಪ್ಪೆ ಕುದಿಸಿದ ನೀರಿಂದ ಬೆಳ್ಳಿಯ ಕಣ ಮಾಡೋದು... ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದು. ಗಾಯಕ್ಕೆ ಕಟ್ಟೋ ಬಟ್ಟೆಗೆ ಹಚ್ಚಿದ್ರೆ ಕೀವಾಗಲ್ಲ. ವಿಷದ ಕೆಮಿಕಲ್ ಬೇಡವೇ ಬೇಡ. ಆದ್ರೆ ಸಿಪ್ಪೆಯಲ್ಲಿ ಒಂದು ಚೂರೂ ಕೊಳೆ ಇರ್ಬಾರ್ದು!"

"ಕಸದಿಂದ ಬೆಳ್ಳಿ!" ಅವನು ನಕ್ಕ. "ನಮ್ಮಕ್ಕನಿಗೆ ಹೇಳ್ಬೇಡಿ. ಅಂಗಡಿ ಬಿಟ್ಟು ಸಿಪ್ಪೆ ಕಾಯ್ತಾ ಕೂತ್ಕೋತಾಳೆ."

"ಕೇಳಿಸ್ತು ಕಣೋ!" ಗಲ್ಲಾದಲ್ಲಿ ಕೂತಿದ್ದ ಅಕ್ಕ ಗದರಿದಳು.

ಅಂದಿನಿಂದ ಪ್ರತಿ ಬೆಳಿಗ್ಗೆ ಅವಳಿಗೊಂದು ಪೊಟ್ಟಣ ತಯಾರಾಗಿರುತ್ತಿತ್ತು. 'ಸಿಪ್ಪೆ ಮೇಡಂ' ಎಂಬ ಹೆಸರೂ ಬಿತ್ತು. ಒಂದು ನಿಮಿಷದ ಕೆಲಸಕ್ಕೆ ಅವಳು ಅರ್ಧ ಗಂಟೆ ನಿಲ್ಲತೊಡಗಿದಳು. ಸಿಪ್ಪೆಗಾಗಿಯೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, ಪಾಪ!

ಆದರೆ ಲ್ಯಾಬಿನಲ್ಲಿ ಕೆಲಸ ಕೈಕೊಟ್ಟಿತು. ಸಿಪ್ಪೆಯ ನೀರಿಗೆ ಬೆಳ್ಳಿಯ ದ್ರಾವಣ ಹಾಕಿದರೆ ನಿಧಾನವಾಗಿ ಜೇನಿನ ಬಣ್ಣ ಬರಬೇಕು. ಬಂದದ್ದು ಹಾಲಿನ ಬಿಳುಪು. ಒಂದಲ್ಲ, ಐದು ಸಲ!

"ಶುಕ್ರವಾರದೊಳಗೆ ಆಗ್ಲಿಲ್ಲ ಅಂದ್ರೆ ಪ್ರಾಜೆಕ್ಟ್ ಬೇರೆಯವರಿಗೆ ಕೊಡ್ತೀನಮ್ಮಾ," ಎಂದರು ಗೈಡ್ ಮೇಡಂ.

ಎರಡು ವರ್ಷದ ಶ್ರಮ! ಕಣ್ಣು ತುಂಬಿಕೊಂಡು, ಫ್ಲಾಸ್ಕ್ ಹಿಡಿದುಕೊಂಡೇ ಅಂಗಡಿಗೆ ಬಂದಳು. ಅದನ್ನು ಕಂಡು ಅವನ ಮುಖ ಅರಳಿತು.

"ಬೆಳ್ಳಗಾಗಿದೆ! ಬೆಳ್ಳಿ ಬಂತಾ?"

ಅಷ್ಟೇ ಸಾಕಾಯಿತು. "ಬೆಳ್ಳಿಯಂತೆ ಬೆಳ್ಳಿ! ಕೊಳೆತ ಸಿಪ್ಪೆ ಕೊಟ್ಟು ನನ್ನ ಕೆಲಸಾನೆಲ್ಲ ಹಾಳು ಮಾಡಿದ್ರಿ! ನಿಮಗೆ ಇದೆಲ್ಲ ತಮಾಷೆ ಅಲ್ವಾ?"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವನು ಕೈಯಲ್ಲಿದ್ದ ಕಿತ್ತಳೆಯನ್ನು ಕೆಳಗಿಟ್ಟ.

"ನಾಳೆಯಿಂದ ಬೇರೆ ಕಡೆ ತಗೊಳ್ಳಿ, ಮೇಡಂ."

ಬರೀ ಮೇಡಂ! ಅವಳ ಎದೆ ಚುರುಕ್ಕೆಂದಿತು.

ಮರುದಿನ ಲ್ಯಾಬಿನಲ್ಲಿ ಅವನ ಕೊನೆಯ ಪೊಟ್ಟಣವನ್ನು ಎಸೆಯಲೆಂದೇ ಬಿಚ್ಚಿದಳು. ಕೊಳೆತದ್ದೆಲ್ಲಿ? ಈಗಷ್ಟೇ ಸುಲಿದಂತಿದ್ದವು! ಅನುಮಾನ ಬಂದು ಒಂದು ಸಿಪ್ಪೆಯನ್ನು ಡಿಸ್ಟಿಲ್ಡ್ ನೀರಲ್ಲಿ ಅಲುಗಾಡಿಸಿ, ಆ ನೀರಿಗೆ ಒಂದು ಹನಿ ಬೆಳ್ಳಿಯ ದ್ರಾವಣ ಬಿಟ್ಟಳು. ತಕ್ಷಣ ಹಾಲಾಯಿತು.

ಉಪ್ಪು! ಉಪ್ಪು ಸೋಕಿದರೆ ಈ ದ್ರಾವಣ ಕೆಟ್ಟು ಬೆಳ್ಳಗಾಗುತ್ತದೆಂದು ಕಾಲೇಜಿನ ಮೊದಲ ವರ್ಷದಲ್ಲೇ ಕಲಿತಿದ್ದಳು. ಆದರೆ ಸಿಪ್ಪೆಗೆ ಉಪ್ಪು ಎಲ್ಲಿಂದ ಬಂತು?

ಅಂಗಡಿಗೆ ಓಡಿದಳು. ಅಕ್ಕ ಒಬ್ಬಳೇ ಇದ್ದಳು. ಸಿಪ್ಪೆಗೆ ಉಪ್ಪು ಹೇಗೆ ಬಂತೆಂದು ಅವಳನ್ನೇ ಕೇಳಿದಳು.

"ಕೊಳೆ ಇರ್ಬಾರ್ದು ಅಂದಿದ್ದು ನೀನೇ ತಾನೇ? ಒಂದೊಂದನ್ನೂ ಉಪ್ಪುನೀರಲ್ಲಿ ಅದ್ದಿ, ಉಜ್ಜಿ ಉಜ್ಜಿ ತೊಳೀತಿದ್ದ. ತಾನು ಕುಡಿಯೋ ಲೋಟಾನೂ ಹಂಗೆ ತೊಳೆದವನಲ್ಲ ಕಣಮ್ಮಾ!"

ಅವಳಿಗೆ ನಿಂತಲ್ಲೇ ಅಳು ಬಂತು. ನಾನೇ ಹೇಳಿದ ಮಾತು... ನನಗಾಗಿಯೇ ಪಟ್ಟ ಕಷ್ಟ... ಅದಕ್ಕೆ ನಾನು ಎಂಥ ಮಾತಾಡಿಬಿಟ್ಟೆ!

ಶುಕ್ರವಾರ ಸಂಜೆ ಅವನು ತಲೆ ತಗ್ಗಿಸಿ ಕಿತ್ತಳೆ ಹಿಂಡುತ್ತಿದ್ದ. ಅವಳು ಜೇನಿನ ಬಣ್ಣದ ಪುಟ್ಟ ಸೀಸೆಯನ್ನು ಅವನ ಮುಂದಿಟ್ಟಳು.

"ನೀವು ಕೊಟ್ಟ ಸಿಪ್ಪೆಯಿಂದ್ಲೇ ಬಂತು. ಉಪ್ಪು ಹೋಗೋವರೆಗೂ ಡಿಸ್ಟಿಲ್ಡ್ ನೀರಲ್ಲಿ ತೊಳೆದೆ, ಅಷ್ಟೇ. ಪ್ರಾಜೆಕ್ಟ್ ನನ್ನ ಹತ್ರಾನೇ ಉಳೀತು."

ಅವನು ಸೀಸೆಯನ್ನು ಬೆಳಕಿಗೆ ಹಿಡಿದ. "ಉಪ್ಪಿಂದ ಹಾಳಾಗಿದ್ದಾ? ಹಾಗಾದ್ರೆ ತಪ್ಪು ನಂದೇ."

"ಅಲ್ಲ, ನಂದು. ಎಲ್ರ ಮುಂದೆ ಬೈದ್ಬಿಟ್ಟೆ... ಕ್ಷಮಿಸಿ. ಅಷ್ಟು ಉಜ್ಜಿ ತೊಳೀತಿದ್ದೆ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ಯಾಕೆ ಅಷ್ಟು ಉಜ್ಜಿದ್ರಿ ಅಂತ ಕೇಳ್ತಿದ್ರಿ."

"ಈಗ ಕೇಳ್ತಿದೀನಿ."

ಅವನು ಸೀಸೆ ಕೆಳಗಿಟ್ಟ. "ನೀವಂದ್ರೆ ಇಷ್ಟ, ಸಿಪ್ಪೆ ಮೇಡಂ. ತುಂಬಾ ಇಷ್ಟ."

ಆ ಹೆಸರು ಕೇಳಿಯೇ ಅವಳ ಕಣ್ಣು ಮತ್ತೆ ತುಂಬಿತು.

"ಮೊದಲ್ನೇ ದಿನ ಕೇಳಿದ್ರಲ್ಲ, ಸಿಪ್ಪೆ ಬೇಕಾ, ಕೈ ಬೇಕಾ ಅಂತ... ನನಗೆ ಎರಡೂ ಬೇಕು."

ಅವನು ರಸ ಮೆತ್ತಿದ ತನ್ನ ಬೆರಳುಗಳನ್ನು ನೋಡಿಕೊಂಡು ಗಡಿಬಿಡಿಗೊಂಡ. "ಇರಿ, ತೊಳ್ಕೊಂಡು ಬಂದೆ..."

ಅವಳು ಆ ಅಂಟು ಕೈಯನ್ನು ಹಾಗೆಯೇ ಹಿಡಿದುಕೊಂಡಳು.

"ಬೇಡ. ದಯವಿಟ್ಟು ಇನ್ನೇನೂ ತೊಳೀಬೇಡಿ!"