ಮ್ಯಾಟಿನ ಕೆಳಗಿನ ಉಸಿರು

"ನಿಮ್ಮ ಉಸಿರು ಬೇಕು ನನಗೆ!"

ಮೊದಲ ಭೇಟಿಯಲ್ಲೇ ಹೀಗೆಂದುಬಿಟ್ಟಳಲ್ಲ! ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಎದುರಿಗಿದ್ದ ಪೈಲ್ವಾನ ಕಿವಿಯವರೆಗೂ ಕೆಂಪಾದ.

ಕುಸ್ತಿ ಸಂಘಕ್ಕೆ ಹೊಸದಾಗಿ ಬಂದ ಪ್ರಚಾರದ ಹುಡುಗಿ ಅವಳು. ಖಾಲಿ ಕುರ್ಚಿಗಳನ್ನು ತುಂಬಿಸುವುದು ಅವಳ ಕೆಲಸ.

"ಅಂದ್ರೆ... ಮ್ಯಾಟಿನ ಕೆಳಗೆ ಮೈಕ್ ಇಡ್ತೀನಿ. ಚೆಂಡಿನ ಆಟ ನೋಡೋರಿಗೆ ಕುಸ್ತಿ ಅಂದ್ರೆ ಇಬ್ಬರು ಸುಮ್ನೆ ಬಿದ್ಕೊಂಡಿರೋ ಹಾಗೆ ಕಾಣ್ಸುತ್ತೆ. ಉಸಿರು ಕೇಳಿಸಿದ್ರೆ ತಾನೇ ಜಟಾಪಟಿ ಗೊತ್ತಾಗೋದು?"

"ಮಧ್ಯಾಹ್ನ ಮಾತ್ರ ಬೇಡ. ಆಗ ನಾನೊಬ್ಬನೇ ಅಭ್ಯಾಸ ಮಾಡ್ತೀನಿ," ಎಂದ ಅವನು. ಮುಖದ ನಗು ಮಾಯವಾಗಿತ್ತು.

ಎಲ್ಲರೂ ಅವನನ್ನು 'ಉಡ' ಎನ್ನುತ್ತಿದ್ದರು. ಹಿಡಿದರೆ ಬಿಡದವನು. ಆ ಒರಟು ಮೈಯೊಳಗಿನ ನಾಚಿಕೆಗೆ ಅವಳು ಅಂದೇ ಮನಸೋತಳು. ಬೇಡ ಎಂದದ್ದನ್ನೇ ಮಾಡುವ ಬುದ್ಧಿ ಮಾತ್ರ ಎಲ್ಲಿಂದ ಬಂತೋ!

ಮೂರನೇ ದಿನ ಮಧ್ಯಾಹ್ನ, ಗಾಜಿನಾಚೆಯ ಕೋಣೆಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡಳು. ಅವನು ಮಂಡಿಯೂರಿ ಬರಿಯ ಗಾಳಿಯನ್ನು ಎರಡೂ ತೋಳುಗಳಿಂದ ಬಿಗಿದಪ್ಪಿದ್ದ. ಕಿವಿಯಲ್ಲಿ ಅವನ ಉಸಿರು... ಅದರ ಜೊತೆಗೆ ಇನ್ನೊಂದು!

ನಿಧಾನವಾದ, ಗೊಗ್ಗರು ಉಸಿರು. ಆಮೇಲೆ ಅಂಗೈಯಿಂದ ಮ್ಯಾಟ್ ಬಡಿದ ಸದ್ದು. ಪಟ್. ಪಟ್. ಪಟ್.

ಅವನ ಕೈಗಳು ಬಿಗಿದೇ ಇದ್ದವು. ಹಾಗಾದರೆ ಬಡಿದದ್ದು ಯಾರು? ಅವಳು ಹೆಡ್‌ಫೋನ್ ಕಿತ್ತಿಟ್ಟಳು.

ಮೈಕ್ ಕೆಟ್ಟಿರಬೇಕೆಂದು ತನಗೆ ತಾನೇ ಧೈರ್ಯ ಹೇಳಿಕೊಂಡು, ರೆಕಾರ್ಡಿಂಗನ್ನು ಸಂಘದ ಅಧ್ಯಕ್ಷರಿಗೆ ಕೇಳಿಸಿದಳು. ಅವರು ಹೆದರಲಿಲ್ಲ, ಕಣ್ಣರಳಿಸಿದರು! ಮರುದಿನ ಬಾಗಿಲಲ್ಲಿ ಆಳೆತ್ತರದ ಪೋಸ್ಟರ್: 'ಸತ್ತ ಅಣ್ಣನ ಜೊತೆ ಕುಸ್ತಿ! ಭಾನುವಾರ ಬನ್ನಿ, ನೀವೇ ಕೇಳಿ!'

ಅದನ್ನು ಹರಿದು ಮುದ್ದೆ ಮಾಡಿಕೊಂಡು ಅವನು ಅವಳ ಮೇಜಿನ ಮುಂದೆ ನಿಂತ.

"ನಮ್ಮಣ್ಣನ್ನ ಮಾರಿಬಿಟ್ರಲ್ಲ ಮೇಡಂ..."

"ದೇವ್ರಾಣೆ, ಅಣ್ಣನ ವಿಷಯ ನನಗೆ ಗೊತ್ತೇ ಇರ್ಲಿಲ್ಲ!"

"ಅಧ್ಯಕ್ಷರಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಪ್ರದರ್ಶನದ ಕುಸ್ತಿ. ಜನ ಸೇರ್ಲಿ ಅಂತ ಕಿವಿ ಕಿತ್ತೋಗೋ ಹಾಗೆ ಹಾಡು ಹಾಕ್ಸಿದ್ದು ಅವರೇ. ಅಣ್ಣ ನನ್ನ ಪಟ್ಟಿನಲ್ಲಿ ಸಿಕ್ಕಿದ್ದ. 'ಸಾಕು, ಬಿಡು' ಅಂತ ಮೂರು ಸಲ ಮ್ಯಾಟ್ ಬಡಿದ್ನಂತೆ. ನನಗೆ ಕೇಳಿಸ್ಲೇ ಇಲ್ಲ..." ಅವನು ಮುದ್ದೆಯಾದ ಪೋಸ್ಟರನ್ನು ಮೇಜಿನ ಮೇಲಿಟ್ಟ. "ದಿನಾ ಅದೇ ಪಟ್ಟು ಹಿಡಿದು ಕಾಯ್ತೀನಿ. ಅಣ್ಣನ ಉಸಿರು ಕುತ್ತಿಗೆಗೆ ತಾಗುತ್ತೆ. ಬಡಿಯೋದು ಮಾತ್ರ ಕೇಳ್ಸಲ್ಲ. ಕೇಳಿಸ್ದೆ ಹೇಗೆ ಬಿಡ್ಲಿ?"

ಆ ಸದ್ದನ್ನು ತಾನು ಕೇಳಿದ್ದಳಲ್ಲ!

ಅವನ ಕಣ್ಣೆದುರೇ ರೆಕಾರ್ಡಿಂಗ್ ಅಳಿಸಿದಳು. "ನನ್ನ ಕೆಲಸ ಹೋದ್ರೆ ಹೋಗ್ಲಿ. ಮಧ್ಯಾಹ್ನ ಒಂದೇ ಒಂದ್ಸಲ ನನ್ನ ಮಾತು ಕೇಳಿ."

ಮಧ್ಯಾಹ್ನ ಖಾಲಿ ಹಾಲ್‌ನಲ್ಲಿ ಅವಳೇ ಅವನ ಕಿವಿಗೆ ಹೆಡ್‌ಫೋನ್ ಹಾಕಿದಳು. ಅವನು ಮಂಡಿಯೂರಿ ಗಾಳಿಯನ್ನು ಅಪ್ಪಿದ. ಅವನೆದುರಿಗೆ ಮ್ಯಾಟ್ ನಿಧಾನವಾಗಿ ತಗ್ಗಿತು. ಎರಡು ಮಂಡಿಗಳ ಗುರುತು! ಅಲ್ಲಿ ಯಾರೂ ಇರಲಿಲ್ಲ.

ಓಡಬೇಕೆನಿಸಿತು. ಓಡಲಿಲ್ಲ.

ಪಕ್ಕದಲ್ಲೇ ಅಂಗೈಯಗಲದ ತಗ್ಗೊಂದು ಮೂಡಿತು. ಮಾಯವಾಯಿತು. ಮತ್ತೆ ಮೂಡಿತು. ಮತ್ತೆ.

"ಕೇಳಿಸ್ತು... ಅಣ್ಣಾ, ಕೇಳಿಸ್ತು ಕಣೋ!"

ಬಿಕ್ಕುತ್ತಾ ಅವನು ತೋಳು ಸಡಿಲಿಸಿದ. ಮ್ಯಾಟಿನ ಮೇಲಿನ ಗುರುತುಗಳು ಒಂದೊಂದಾಗಿ ಅಳಿಸಿಹೋದವು.

ಕಣ್ಣೊರೆಸಿಕೊಂಡು ಅವನು ಕೇಳಿದ, "ಭಯ ಆಗ್ಲಿಲ್ವಾ?"

"ಪ್ರಾಣವೇ ಬಾಯಿಗೆ ಬಂದಿತ್ತು."

"ಮತ್ಯಾಕೆ ಓಡ್ಲಿಲ್ಲ?"

"ನೀವಿದ್ರಲ್ಲ... ನಿಮ್ಮ ಮೇಲೆ ಮನಸ್ಸಾಗಿದೆ ಕಣ್ರೀ. ಕ್ಷಮಿಸೋಕಾದ್ರೆ ಕ್ಷಮಿಸಿ. ಇಲ್ಲಾಂದ್ರೆ ಹೊರಟುಹೋಗ್ತೀನಿ."

ಅವನು ತನ್ನ ಕೈಗಳನ್ನೇ ನೋಡಿಕೊಂಡ. ಕುಸ್ತಿಯಾಚೆ ಯಾರನ್ನೂ ಮುಟ್ಟಲು ಹೆದರುತ್ತಿದ್ದ ಕೈಗಳವು.

"ಜೋರಾಗಿ ಹಿಡಿದ್ರೆ ಹೇಳ್ತೀರಾ?"

"ಹೇಳ್ತೀನಿ."

"ನೀವು ಪಿಸುಗುಟ್ಟಿದ್ರೂ ಕೇಳಿಸ್ಕೋತೀನಿ," ಎಂದು ಅವನು ಅವಳ ಕೈ ಹಿಡಿದುಕೊಂಡ.