ಎದುರು ಬದಿಯ ಬೆರಳು

ಇದು ನಡೆದದ್ದು ಮಟಮಟ ಮಧ್ಯಾಹ್ನ, ವಿಜಯನಗರದ ನನ್ನ ಬಾಡಿಗೆ ಕೋಣೆಯಲ್ಲಿ. ಅಕ್ಕಸಾಲೆ ಕೆಲಸ ಬಿಟ್ಟಿದ್ದ ಮೌನೇಶಾಚಾರ್ಯರ ಹಳೇ ಮೇಜನ್ನು ನನ್ನ ಬೆಳ್ಳಿ ಕೆಲಸಕ್ಕೆಂದು ಆಗಷ್ಟೇ ಕೊಂಡು ತಂದಿದ್ದೆ. ಮರುದಿನ ಅಕ್ಕನ ಮಗುವಿಗೆ ಲಿಂಗಧಾರಣೆ. ಲಿಂಗವಿಡುವ ಬೆಳ್ಳಿ ಕರಡಿಗೆಗೆ ಕೊಂಡಿ ಬೇಕಿತ್ತು. ಮೇಜಿನ ಅಂಚಿನ ಮರದ ಹಲಗೆಯ ಮೇಲೆ ಉಗುರಗಲದ ಬೆಳ್ಳಿ ತುಂಡನ್ನು ಎಡಗೈಯಲ್ಲಿ ಒತ್ತಿ ಹಿಡಿದು ಗರಗಸ ಎಳೆಯುತ್ತಿದ್ದೆ. ಕೊಯ್ದಷ್ಟೂ ತುಂಡು ಬಿಸಿಯೇರಿ ಕುಣಿಯಿತು. ಗರಗಸ ಜಾರಿ ನನ್ನ ಹೆಬ್ಬೆರಳ ಕಡೆಗೇ ಬಂತು.

ಅಷ್ಟರಲ್ಲಿ ಎದುರು ಬದಿಯಿಂದ ಯಾರೋ ಒತ್ತಿ ಹಿಡಿದಂತೆ ತುಂಡು ಗಕ್ಕನೆ ನಿಂತಿತು. ಸುಡುತ್ತಿದ್ದ ಬೆಳ್ಳಿ ತಣ್ಣಗಾಯಿತು. ಹಲಗೆಯ ಆ ಅಂಚು ಒದ್ದೆಯಾಗಿತ್ತು; ನಾನು ನೀರು ಮುಟ್ಟಿರಲಿಲ್ಲ. ಬೆರಳು ಉಳಿಯಿತಲ್ಲ ಎಂಬ ನೆಮ್ಮದಿಯಲ್ಲಿ ಹೆದರುವುದೇ ಮರೆತುಹೋಯಿತು.

ಆಚಾರ್ಯರಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ.

“ನನ್ನ ಕೈ ನಡುಗೋಕೆ ಶುರುವಾದ್ಮೇಲೆ ನಮ್ಮನೆಯವಳೇ ಎದುರಿಗೆ ಕೂತು, ಬೆರಳು ಒದ್ದೆ ಮಾಡ್ಕೊಂಡು ತುಂಡು ಹಿಡ್ಕೊಳ್ತಿದ್ಲು ಕಣಮ್ಮ. ಅವಳು ತೀರ್ಕೊಂಡ್ಮೇಲೆ ನಾನು ಗರಗಸ ಮುಟ್ಟಿಲ್ಲ. ಅಲ್ಲೊಂದು ಬಟ್ಟಲು ನೀರಿಡು. ಕೈಗಂಟಿದ ಪುಡಿ ತೊಳ್ಕೊಳ್ದೆ ಏಳೋಳಲ್ಲ ಅವಳು,” ಎಂದರು.

ಅಂದಿನಿಂದ ಹಲಗೆಯಿಂದ ದೂರದಲ್ಲಿ, ಎದುರು ಬದಿಯಲ್ಲಿ ನೀರಿಡುತ್ತೇನೆ. ಗರಗಸ ಈಗ ನಿರಾಳವಾಗಿ ಓಡುತ್ತದೆ. ಆ ಬಟ್ಟಲಿಗೆ ನಾನು ಒಮ್ಮೆಯೂ ಕೈ ಅದ್ದಿಲ್ಲ. ಸಂಜೆ ಅದರ ತಳದಲ್ಲಿ ಬೆಳ್ಳಿ ಪುಡಿ ಕೂತಿರುತ್ತದೆ.